ಹಳೇ ಕಾರಿನ ಹೀಟರ್ ಕೋರ್ ಸೋರುತ್ತಿದೆ: ಮನೆಯಲ್ಲೇ ಬದಲಿಸಿದವರು ಅನುಭವ ಹೇಳಿ

ಕಾರು ಹಳೆಯದು. ಹೀಟರ್ ಹಾಕಿದರೆ ಒಳಗೆಲ್ಲ ಸಿಹಿ ವಾಸನೆ. ಮುಂದಿನ ಗಾಜಿನ ಒಳಮೈಗೆ ಜಿಡ್ಡು ಮಂಜು ಕೂರುತ್ತದೆ, ಒರೆಸಿದರೆ ಇನ್ನಷ್ಟು ಹರಡುತ್ತದೆ. ಪಕ್ಕದ ಸೀಟಿನ ಕಾಲ ಬಳಿ ಕಾರ್ಪೆಟ್ ಒದ್ದೆ. ಇಂಜಿನ್ ತಣ್ಣಗಿಡುವ ದ್ರವ, ಕೂಲೆಂಟ್, ಕಡಿಮೆ ಆಗುತ್ತಲೇ ಇದೆ. ಹೀಟರ್ ಕೋರ್, ಅಂದರೆ ಬಿಸಿ ಕೂಲೆಂಟ್ ಹರಿದು ಒಳಗಿನ ಗಾಳಿಯನ್ನು ಬೆಚ್ಚಗೆ ಮಾಡುವ ಪುಟ್ಟ ರೇಡಿಯೇಟರ್, ಸೋರುತ್ತಿದೆ, ಬದಲಿಸಲು ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು ಅಂದರು ಗ್ಯಾರೇಜಿನವರು. ಕೋರಿನ ಬೆಲೆಗಿಂತ ಕೂಲಿಯೇ ಜಾಸ್ತಿ. ಬ್ರೇಕ್ ಪ್ಯಾಡ್, ರೇಡಿಯೇಟರ್ ನಾನೇ ಬದಲಿಸಿದ್ದೇನೆ. ಇದಕ್ಕೂ ಕೈ ಹಾಕಬಹುದಾ?

*

ಕೈ ಹಾಕಬಹುದು. ರೇಡಿಯೇಟರ್ ಬದಲಿಸಿದವರಿಗೆ ಇದರಲ್ಲಿ ಹೊಸ ವಿದ್ಯೆ ಏನೂ ಇಲ್ಲ, ತಾಳ್ಮೆ ಮಾತ್ರ ಜಾಸ್ತಿ ಬೇಕು. ಆದರೆ ಒಂದು ಸ್ಕ್ರೂ ಬಿಚ್ಚುವ ಮೊದಲು, ಸೋರುತ್ತಿರುವುದು ಕೋರೇ ಅಂತ ಖಾತ್ರಿ ಮಾಡಿಕೊಳ್ಳಿ. ಕಾರ್ಪೆಟ್ ಮೇಲಿನ ತೇವವನ್ನು ಬಿಳಿ ಟಿಶ್ಯೂಗೆ ಒತ್ತಿ ನೋಡಿ. ಬಣ್ಣ ಹತ್ತಿ ಬೆರಳಿಗೆ ಜಾರಿದರೆ ಅದು ಕೂಲೆಂಟ್. ಬರೀ ನೀರಾದರೆ ಎಸಿಯ ಡ್ರೈನ್ ಪೈಪ್ ಕಟ್ಟಿರಬಹುದು, ಇಲ್ಲವೇ ಮುಂದಿನ ಗಾಜಿನ ಅಂಚಿನಿಂದ ಮಳೆನೀರು ಇಳಿಯುತ್ತಿರಬಹುದು. ನಿಮ್ಮ ಲಕ್ಷಣಗಳೆಲ್ಲ ಕೂಲೆಂಟ್ ಕಡೆಗೇ ಇವೆ, ನಿಜ. ಆದರೂ ಕೋರಿಗೆ ಹೋಸ್ (ರಬ್ಬರ್ ಪೈಪ್) ಸೇರುವ ಜಾಗದಲ್ಲಿ ಬಿಗಿಯುವ ಕ್ಲಾಂಪ್ ಸಡಿಲವಾದರೂ, ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಹೋದರೂ ಇದೇ ವಾಸನೆ, ಇದೇ ಒದ್ದೆ. ಪ್ರೆಶರ್ ಟೆಸ್ಟರ್ (ರೇಡಿಯೇಟರ್‌ಗೆ ಒತ್ತಡ ಕೊಟ್ಟು ಸೋರಿಕೆ ಹುಡುಕುವ ಮೀಟರ್ ಇರುವ ಪಂಪು) ಎರವಲು ಸಿಕ್ಕಿದರೆ ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಡಿ. ಎಷ್ಟೋ ಕಾರುಗಳಲ್ಲಿ ಅದು ಸುಮಾರು 1 ಬಾರ್. ಆಮೇಲೆ ಟಾರ್ಚ್ ಹಿಡಿದು ಡ್ಯಾಶ್ ಕೆಳಗೆ ಮಲಗಿ ನೋಡಿ.

ಎರಡನೆಯದು, ನಿಮ್ಮ ಮಾಡೆಲ್‌ನ ರಿಪೇರಿ ಕೈಪಿಡಿ. ಎಲ್ಲ ಕಾರಿಗೂ ಡ್ಯಾಶ್ ಇಳಿಸಬೇಕಾಗಿಲ್ಲ. ಕೆಲವದರಲ್ಲಿ ಗ್ಲೋವ್ ಬಾಕ್ಸ್ ತೆಗೆದರೆ, ಇಲ್ಲವೇ ಪೆಡಲ್ ಪಕ್ಕದ ಮುಚ್ಚಳ ಬಿಚ್ಚಿದರೆ ಕೋರ್ ಪಕ್ಕಕ್ಕೇ ಜಾರಿ ಬರುತ್ತದೆ. ಇನ್ನು ಕೆಲವದರಲ್ಲಿ ಎಸಿಯ ಗಾಳಿ ತಣ್ಣಗೆ ಮಾಡುವ ಭಾಗ, ಇವ್ಯಾಪರೇಟರ್ ಕೂಡ ಅದೇ ಡಬ್ಬಿಯಲ್ಲಿದ್ದು ಇಡೀ ಡಬ್ಬಿ ಹೊರಗೆ ಬರಬೇಕು. ಆಗ ಎಸಿ ಗ್ಯಾಸನ್ನು ಮೊದಲೇ ಎಸಿ ಕೆಲಸದವರಿಂದ ಮೆಷಿನ್‌ನಲ್ಲಿ ತೆಗೆಸಿ. ಪೈಪ್ ಸಡಿಲಿಸಿ ಗಾಳಿಗೆ ಬಿಡಬೇಡಿ. ಅದು ವಾತಾವರಣಕ್ಕೂ ಕೆಟ್ಟದ್ದು, ಕೈಗೆ ತಾಗಿದರೆ ಚರ್ಮವೂ ಮರಗಟ್ಟುತ್ತದೆ.

ಏರ್‌ಬ್ಯಾಗ್ ಇದ್ದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾದು ಆಮೇಲೇ ಮುಟ್ಟಿ. ಸ್ಟಿಯರಿಂಗ್ ಕಾಲಂ ಇಳಿಸಬೇಕಾದರೆ ಸ್ಟಿಯರಿಂಗ್ ಚಕ್ರವನ್ನು ನೇರಕ್ಕೆ ಕಟ್ಟಿಡಿ. ಅದು ಸುಮ್ನೆ ತಿರುಗಿದರೂ ಒಳಗಿನ ಏರ್‌ಬ್ಯಾಗ್ ತಂತಿಯ ಸುರುಳಿ ಹರಿದುಹೋಗುತ್ತದೆ.

*

ಮೇಲಿನವರು ಹೇಳಿದ್ದಕ್ಕೆ ಹೋಸ್ ವಿಷಯ ಸೇರಿಸುತ್ತೇನೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲೆಂಟ್ ಇಳಿಸಿ. ಕೋರ್ ಕಡೆಯ ಎರಡು ಹೋಸ್ ಹಳತಾಗಿ ಕೊಳವೆಗೆ ಕಚ್ಚಿಕೊಂಡಿರುತ್ತವೆ. ಇಕ್ಕಳದಲ್ಲಿ ಹಿಡಿದು ತಿರುಚಬೇಡಿ. ಕೋರ್ ಹೇಗೂ ಎಸೆಯುವುದೇ ತಾನೇ ಅನ್ನಿಸುತ್ತದೆ, ಆದರೆ ಕೆಲವು ಕಾರುಗಳಲ್ಲಿ ಆ ಕೊಳವೆ ಬೇರೆ ಭಾಗ, ಮತ್ತೆ ಅದನ್ನೇ ಹಾಕಬೇಕು. ಬ್ಲೇಡಿನಿಂದ ಹೋಸನ್ನು ಉದ್ದಕ್ಕೆ ಸೀಳಿ, ಸಿಪ್ಪೆ ಸುಲಿದ ಹಾಗೆ ಬಿಡಿಸಿ. ಬ್ಲೇಡ್ ಕೊಳವೆಗೆ ಗೀರು ಹಾಕದಿರಲಿ. ಹೊಸ ಹೋಸ್, ಹೊಸ ಕ್ಲಾಂಪ್ ಮೊದಲೇ ತಂದಿಟ್ಟುಕೊಳ್ಳಿ.

ಕೋರ್ ಎಳೆಯುವ ಮುಂಚೆ ಒಂದು ಕೊಳವೆಗೆ ಮೆಲ್ಲಗೆ ಗಾಳಿ ಊದಿದರೆ ಉಳಿದ ಕೂಲೆಂಟ್ ಇನ್ನೊಂದರಿಂದ ಇಂಜಿನ್ ಕಡೆ ಹೊರಬರುತ್ತದೆ. ಬಕೆಟ್ ಹಿಡಿಯಿರಿ. ನೆಲಕ್ಕೆ ಚೆಲ್ಲಿದ್ದನ್ನು ತಕ್ಷಣ ತೊಳೆಯಿರಿ. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹಾಗಾಗಿ ನಾಯಿ ಬೆಕ್ಕು ನೆಕ್ಕುತ್ತವೆ. ಸ್ವಲ್ಪವೇ ಸಾಕು, ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮನೆಯಲ್ಲಿ ಮಕ್ಕಳಿದ್ದರೂ ಇದೇ ಎಚ್ಚರ.

*

ಈಗಲೇ ಬಿಡುವಿಲ್ಲ ಅಂದರೆ ಅಲ್ಲಿಯವರೆಗೆ ಕೋರನ್ನು ಬೈಪಾಸ್ ಮಾಡಿ ಓಡಿಸಬಹುದು. ಎರಡು ಹೋಸ್‌ಗಳನ್ನೂ ಕೋರಿನಿಂದ ಬಿಡಿಸಿ, ಇಂಜಿನ್ ಕಡೆಯಲ್ಲೇ ಒಂದಕ್ಕೊಂದು ಜೋಡಿಸಿ. ಎರಡಕ್ಕೂ ಬಿರಡೆ ಹಾಕಿ ಮುಚ್ಚಬೇಡಿ, ಕೆಲವು ಇಂಜಿನ್‌ಗಳಿಗೆ ಆ ದಾರಿಯಲ್ಲಿ ಕೂಲೆಂಟ್ ಹರಿಯಲೇಬೇಕು. ಬೈಪಾಸ್ ಇರುವಾಗ ಗಾಜಿನ ಮಂಜು ತೆಗೆಯಲು ಬಿಸಿಗಾಳಿ ಸಿಗುವುದಿಲ್ಲ. ಚಳಿಯಲ್ಲಿ, ರಾತ್ರಿ ಹೊತ್ತು ಇದು ಅಪಾಯ.

ಸೋರುವುದನ್ನು ನಿಲ್ಲಿಸುವ ಪುಡಿ ಹಾಕಿದರೆ ಆಯ್ತು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನನ್ನ ಮಟ್ಟಿಗೆ ಬೇಡವೇ ಬೇಡ.

*

ಪುಡಿಯ ಬಗ್ಗೆ ಅಷ್ಟು ಕಟ್ಟುನಿಟ್ಟು ಬೇಡ ಅನ್ನಿಸುತ್ತದೆ. ದಾರಿ ಮಧ್ಯೆ ಸಿಕ್ಕಿಬಿದ್ದಾಗ ಮನೆ ಮುಟ್ಟಲು ಅದು ನೆರವಾಗುತ್ತದೆ. ಆದರೆ ಕೋರ್ ಬದಲಿಸುವುದು ಗ್ಯಾರಂಟಿ ಅಂದ ಮೇಲೆ ಹಾಕಬೇಡಿ, ಅದನ್ನು ಒಪ್ಪುತ್ತೇನೆ. ಅದೇ ಪುಡಿ ಹೊಸ ಕೋರಿನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ. ಈಗಾಗಲೇ ಹಾಕಿದ್ದರೆ, ಹೊಸದನ್ನು ಕೂರಿಸುವ ಮುಂಚೆ ಇಂಜಿನ್ ಮತ್ತು ಹೋಸ್‌ಗಳನ್ನು ನೀರು ತಿಳಿಯಾಗುವವರೆಗೆ ತೊಳೆಯಿರಿ.

ಹೊಸ ಅಲ್ಯೂಮಿನಿಯಂ ಕೋರ್ ಬೇಗನೆ ತೂತಾಯಿತು ಅನ್ನುವವರಿಗೆ ಒಂದು ಪರೀಕ್ಷೆ. ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಲೋಹಕ್ಕೆ ತಾಗದಂತೆ ಕೂಲೆಂಟ್‌ಗೆ ಅದ್ದಿ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಇಡಿ. 0.1 ವೋಲ್ಟ್ ಒಳಗಿದ್ದರೆ ಚಿಂತೆ ಇಲ್ಲ. 0.3 ದಾಟಿದರೆ ಕೂಲೆಂಟ್ ಹಳಸಿದೆ, ಇಲ್ಲವೇ ಎಲ್ಲೋ ಅರ್ತ್ ವೈರ್ ಸಡಿಲವಿದೆ. ಅದನ್ನು ಸರಿ ಮಾಡದಿದ್ದರೆ ಹೊಸ ಕೋರೂ ಹಾಗೇ ಸವೆಯುತ್ತದೆ.

*

ಹಳೇ ಪ್ಲಾಸ್ಟಿಕ್ ಬಗ್ಗೆ ಯಾರೂ ಹೇಳಲಿಲ್ಲ. ಚಳಿಯಲ್ಲಿ ಕ್ಲಿಪ್ಪುಗಳು ಪಟಪಟ ಮುರಿಯುತ್ತವೆ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ ಎಬ್ಬಿಸಿ. ಪ್ರತಿ ಹಂತಕ್ಕೂ ಫೋಟೋ ತೆಗೆಯಿರಿ. ಸ್ಕ್ರೂಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ, ಜಾಗಕ್ಕೊಂದು ಚೀಲ ಮಾಡಿ ಹೆಸರು ಬರೆಯಿರಿ. ಉದ್ದ ಸ್ಕ್ರೂ ತಪ್ಪು ಜಾಗಕ್ಕೆ ಹೋದರೆ ಹಿಂದಿನ ವೈರಿಗೆ ಚುಚ್ಚುತ್ತದೆ. ಡ್ಯಾಶ್ ಎತ್ತುವಾಗ ಇನ್ನೊಬ್ಬರು ಇರಲೇಬೇಕು. ಅದು ಭಾರ ಅನ್ನುವುದಕ್ಕಿಂತ, ಹಿಂದೆ ಇನ್ನೂ ಸಿಕ್ಕಿಕೊಂಡಿರುವ ಕನೆಕ್ಟರ್ ನೋಡಲು ಒಂದು ಜೊತೆ ಕಣ್ಣು ಬೇಕು.

ಕೋರಿನ ಸುತ್ತ ಹೊಸ ಫೋಮ್ ಪಟ್ಟಿ ಅಂಟಿಸಿ. ಹಳೇ ಫೋಮ್ ಮುಟ್ಟಿದರೆ ಪುಡಿಯಾಗುತ್ತದೆ. ಅದಿಲ್ಲದಿದ್ದರೆ ಗಾಳಿ ಕೋರಿನ ಒಳಗೆ ಹಾಯದೆ ಅಂಚಿನಿಂದ ನುಸುಳಿ, ಹೊಸ ಕೋರ್ ಹಾಕಿಯೂ ಹೀಟರ್ ಉಗುರುಬೆಚ್ಚಗೆ ಇರುತ್ತದೆ.

ಕಾರ್ಪೆಟ್ಟನ್ನು ಮೇಲಿಂದ ಒರೆಸಿದರೆ ಸಾಲದು. ಅಡಿಯ ದಪ್ಪ ಫೆಲ್ಟ್ ಕೂಲೆಂಟ್ ಕುಡಿದು ಕೂತಿರುತ್ತದೆ, ಗ್ಲೈಕಾಲ್ ನೀರಿನಷ್ಟು ಬೇಗ ಆರುವುದೂ ಇಲ್ಲ. ಎತ್ತಿ ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಹಾಕಿ. ಹೀಟರ್ ಡಬ್ಬಿಯ ಒಳಗೂ ಒರೆಸಿ, ಇಲ್ಲದಿದ್ದರೆ ವಾಸನೆ ಹೋಗುವುದಿಲ್ಲ.

*

ಎಲ್ಲರೂ ಒಳ್ಳೆಯದನ್ನೇ ಹೇಳಿದ್ದೀರಿ. ನನ್ನ ಪ್ರಕಾರ ಮುಖ್ಯವಾದದ್ದು ಇನ್ನೂ ಬಂದಿಲ್ಲ: ಡ್ಯಾಶ್ ಮುಚ್ಚುವ ಮುಂಚೆ ಪರೀಕ್ಷೆ. ಹೊಸ ಕೋರ್ ಕೂರಿಸಿ, ಹೋಸ್ ಜೋಡಿಸಿ, ಅಷ್ಟಕ್ಕೇ ನಿಲ್ಲಿಸಿ. ಮತ್ತೆ ಪ್ರೆಶರ್ ಟೆಸ್ಟರ್ ಹಾಕಿ, ಅದರ ಮೀಟರಿನ ಮುಳ್ಳು ಇಳಿಯದೆ ನಿಂತಿದೆಯಾ ನೋಡಿ. ಪ್ರತಿ ಜಾಯಿಂಟಿನ ಕೆಳಗೂ ಒಣ ಟಿಶ್ಯೂ ಇಟ್ಟು ಸ್ವಲ್ಪ ಹೊತ್ತು ಬಿಡಿ. ಒಂದು ಚುಕ್ಕೆ ಕಂಡರೂ ಈಗ ಸರಿ ಮಾಡುವುದು ಸುಲಭ. ಡ್ಯಾಶ್ ಕೂರಿಸಿದ ಮೇಲೆ ಕಂಡರೆ ಇಷ್ಟೂ ಕೆಲಸ ಮೊದಲಿಂದ.

ಕೂಲೆಂಟ್ ನಿಮ್ಮ ಕಾರಿಗೆ ಹೇಳಿರುವ ಜಾತಿಯದ್ದೇ ಇರಲಿ. ಬಣ್ಣ ಒಂದೇ ಇದ್ದ ಮಾತ್ರಕ್ಕೆ ಜಾತಿ ಒಂದೇ ಅಲ್ಲ. ರೆಡಿಮೇಡ್ ಅಲ್ಲದಿದ್ದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ನೀರು ಬೆರೆಸಿ. ತುಂಬುವಾಗ ಕಾರಿನ ಮೂತಿ ಸ್ವಲ್ಪ ಎತ್ತರಕ್ಕಿರಲಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿರಲಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ಗುಳ್ಳೆ ನಿಲ್ಲುವವರೆಗೆ ತೆರೆದಿಡಿ. ಓಡಿಸುವಾಗ ಡ್ಯಾಶ್ ಹಿಂದೆ ಗುಳುಗುಳು ಸದ್ದು ಬಂದರೆ ಗಾಳಿ ಇನ್ನೂ ಒಳಗಿದೆ ಅಂತ ಅರ್ಥ. ಇಂಜಿನ್ ತಣ್ಣಗಾದ ಮೇಲೆ ಮುಚ್ಚಳ ತೆಗೆದು ಮತ್ತೆ ತುಂಬಿ. ಬಿಸಿ ಇರುವಾಗ ಮಾತ್ರ ಮುಚ್ಚಳ ಮುಟ್ಟಬೇಡಿ.