25 ಎಂಎಂ ಬೇರಿಂಗ್ ಸೀಟ್: ಕಂಟ್ರೋಲ್ ಚಾರ್ಟ್ ಸರಿ ಇದೆ, ಆದ್ರೂ ಶಾಫ್ಟ್ ರಿಜೆಕ್ಟ್ ಆಗ್ತಿರೋದು ಯಾಕೆ?

ಹಾಸನ_ಮೆಕ್_ಡಿಪ್ಲೊಮಾ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಡಿಪ್ಲೊಮಾ ಮೆಕ್ಯಾನಿಕಲ್ ಕೊನೇ ವರ್ಷದ ಪ್ರಾಜೆಕ್ಟ್ ಇದು. ಹಣ್ಣಿನ ಸಿಪ್ಪೆ ಬಿಡಿಸೋ ಸಣ್ಣ ಕಾಫಿ ಪಲ್ಪರ್‌ನ ಡ್ರಮ್ ಶಾಫ್ಟ್, 25 ಶಾಫ್ಟಿನ ಬ್ಯಾಚ್. ಡ್ರಾಯಿಂಗ್, ಮಷೀನಿಂಗ್, ಕ್ವಾಲಿಟಿ ರಿಪೋರ್ಟ್ ಮೂರೂ ನಮ್ಮ ತಂಡದ್ದೇ.

ಇಎನ್8 ಉಕ್ಕು, 32 ಎಂಎಂ ಬಾರ್, ಉದ್ದ 300. ಎರಡೂ ತುದಿಗೆ 6205 ಬಾಲ್ ಬೇರಿಂಗ್ (ಒಳ ರಂಧ್ರ 25 ಎಂಎಂ). ಬೇರಿಂಗ್ ಕೂರೋ ಸೀಟಿಗೆ 25 ಕೆ6 ಟಾಲರೆನ್ಸ್ ಕೊಟ್ಟಿದ್ದೀವಿ, ಅಂದ್ರೆ ವ್ಯಾಸ 25.002ರಿಂದ 25.015ರ ಒಳಗಿರಬೇಕು. ಸೀಟಿನ ಪಕ್ಕದ ಶೋಲ್ಡರ್ (ಬೇರಿಂಗ್ ತಾಗಿ ನಿಲ್ಲೋ ಮೆಟ್ಟಿಲು) 30 ಎಂಎಂ. ಸಿಎನ್‌ಸಿ ಲೇತ್, ತ್ರೀ ಜಾ ಚಕ್, ಇನ್ನೊಂದು ತುದಿಗೆ ಟೇಲ್‌ಸ್ಟಾಕ್. ಒಂದು ಕಡೆ ಮುಗಿಸಿ, ತಿರುಗಿಸಿ ಹಿಡಿದು ಇನ್ನೊಂದು ಕಡೆ. ಫಿನಿಶಿಂಗ್ ಫೀಡ್ 0.15, ಇನ್ಸರ್ಟ್ ನೋಸ್ ರೇಡಿಯಸ್ 0.4.

ಐದೈದರ ಐದು ಗುಂಪು ಮಾಡಿ, 25-50ರ ಡಿಜಿಟಲ್ ಮೈಕ್ರೋಮೀಟರ್‌ನಲ್ಲಿ ಅಳೆದ್ವಿ. ಒಟ್ಟು ಸರಾಸರಿ 25.006, ಆರ್ ಬಾರ್ (ಗುಂಪುಗಳ ಹೆಚ್ಚು-ಕಡಿಮೆ ಅಂತರದ ಸರಾಸರಿ) 0.007. ಐದರ ಗುಂಪಿನ ಸ್ಥಿರಾಂಕ ಎ2 0.577 ಹಾಕಿದ್ರೆ ಕಂಟ್ರೋಲ್ ಲಿಮಿಟ್ 25.002 ಮತ್ತು 25.010. ಐದೂ ಬಿಂದು ಒಳಗೇ ಇವೆ, ಲಿಮಿಟ್‌ಗಳೂ ಟಾಲರೆನ್ಸ್ ಒಳಗೇ ಇವೆ. ಆದ್ರೂ 3 ಶಾಫ್ಟ್ 25.002ಕ್ಕಿಂತ ಕಡಿಮೆ, ಒಂದಂತೂ 24.999. ಕೆಲವಕ್ಕೆ ಬೇರಿಂಗ್ ಕೈಯಲ್ಲೇ ಕೂರುತ್ತೆ, ಕೆಲವಕ್ಕೆ ಪ್ರೆಸ್ ಬೇಕು. ಚಾರ್ಟ್ ಸರಿ ಅಂದ್ರೆ ಶಾಫ್ಟ್ ಯಾಕೆ ಸರಿ ಬರ್ತಿಲ್ಲ? ವೈವಾದಲ್ಲಿ ಇದನ್ನ ಖಂಡಿತ ಕೇಳ್ತಾರೆ.

---

ಇನ್ಸ್‌ಪೆಕ್ಷನ್_ಟೇಬಲ್

ನಿಮ್ಮ ಲೆಕ್ಕ ತಪ್ಪಿಲ್ಲ, ಹೋಲಿಕೆ ತಪ್ಪಿದೆ. 25.002–25.010 ಅನ್ನೋದು ಐದು ಶಾಫ್ಟ್‌ಗಳ ಸರಾಸರಿ ಓಡಾಡೋ ಜಾಗ. ಡ್ರಾಯಿಂಗ್‌ನ ಟಾಲರೆನ್ಸ್ ಒಂದೊಂದು ಶಾಫ್ಟಿಗೂ ಬೇರೆ ಬೇರೆಯಾಗಿ ಅನ್ವಯಿಸುತ್ತೆ. ಬೇರಿಂಗ್ ಕೂರೋದು ಶಾಫ್ಟ್ ಮೇಲೆ, ಸರಾಸರಿ ಮೇಲೆ ಅಲ್ಲ. ಐದರ ಸರಾಸರಿ ತೆಗೆದಾಗ ಹರಡು ರೂಟ್ 5ರಷ್ಟು ಕುಗ್ಗುತ್ತೆ, ಹಾಗಾಗಿ ಕಂಟ್ರೋಲ್ ಲಿಮಿಟ್ ಯಾವತ್ತೂ ಕಿರಿದಾಗೇ ಕಾಣುತ್ತೆ. ಎಕ್ಸ್ ಬಾರ್ (ಸರಾಸರಿಗಳ) ಚಾರ್ಟಿನ ಮೇಲೆ ಟಾಲರೆನ್ಸ್ ಗೆರೆ ಎಳೆಯಲೇಬೇಡಿ ಅನ್ನೋದು ಇದಕ್ಕೇ.

ಒಂದೊಂದು ಶಾಫ್ಟಿನ ಹರಡು ಬೇಕಾದ್ರೆ ಆರ್ ಬಾರ್ ಅನ್ನ ಡಿ2 ಅನ್ನೋ ಸ್ಥಿರಾಂಕದಿಂದ ಭಾಗಿಸಿ. ಐದರ ಗುಂಪಿಗೆ ಡಿ2 2.326. 0.007 ÷ 2.326 = 0.003. ಸಿಗ್ಮಾ (ಹರಡಿನ ಅಳತೆ) 3 ಮೈಕ್ರಾನ್ (ಒಂದು ಮೈಕ್ರಾನ್ 0.001 ಎಂಎಂ), ಅಂದ್ರೆ ಮೂರು ಸಿಗ್ಮಾ ಲೆಕ್ಕದಲ್ಲಿ ಶಾಫ್ಟ್‌ಗಳು 25.006ರ ಆಚೀಚೆ 9 ಮೈಕ್ರಾನ್, ಅಂದ್ರೆ 24.997ರಿಂದ 25.015ರವರೆಗೆ ಬರಬಹುದು. ಕೆಳಗಿನ ಮಿತಿ 25.002. ಹತ್ತರಲ್ಲಿ ಸುಮಾರು ಒಂದು ಕೆಳಗೆ ಬೀಳಲೇಬೇಕು. ನಿಮಗೆ 25ರಲ್ಲಿ 3 ಬಿದ್ದಿದೆ, ಲೆಕ್ಕಕ್ಕೆ ಸರಿಯಾಗೇ ಇದೆ.

ಸಿಪಿ (ಟಾಲರೆನ್ಸ್ ಅಗಲ ÷ ಆರು ಸಿಗ್ಮಾ): 0.013 ÷ 0.018 = 0.72. ಸಿಪಿಕೆ (ಸೆಂಟರ್ ತಪ್ಪಿದ್ದನ್ನೂ ಲೆಕ್ಕಕ್ಕೆ ತಗೊಳ್ಳೋದು): ಹತ್ತಿರದ ಮಿತಿಗೆ ದೂರ 0.004, ಅದನ್ನ 0.009ರಿಂದ ಭಾಗಿಸಿದ್ರೆ 0.44. ಸಾಮಾನ್ಯವಾಗಿ ಕೇಳೋದು 1.33. ಎರಡು ಸಂಖ್ಯೆ ಎರಡು ಬೇರೆ ಕಾಯಿಲೆ ಹೇಳ್ತಿವೆ. 0.44 ಮತ್ತು 0.72ರ ನಡುವಿನ ಅಂತರ ಸೆಂಟರ್ ತಪ್ಪಿದ್ದರಿಂದ ಬಂದಿದ್ದು. ಗುರಿ 25.0085 ಇರಬೇಕು, ನೀವು 25.006ರಲ್ಲಿದ್ದೀರಿ. ಲೇತ್‌ನ ಟೂಲ್ ಆಫ್‌ಸೆಟ್‌ನಲ್ಲಿ (ಸೈಜ್ ತಿದ್ದುಪಡಿ) ವ್ಯಾಸಕ್ಕೆ 2-3 ಮೈಕ್ರಾನ್ ಕೂಡಿದ್ರೆ ಅದು ವಾಸಿ. ಆದ್ರೆ 0.72 ಆಫ್‌ಸೆಟ್‌ನಿಂದ ಮೇಲೇಳಲ್ಲ, ಅದಕ್ಕೆ ಹರಡನ್ನೇ ಇಳಿಸಬೇಕು.

ಒಂದು ಎಚ್ಚರಿಕೆ. ಪ್ರತಿ ಶಾಫ್ಟ್ ಅಳೆದು ಪ್ರತಿ ಸಲ ಆಫ್‌ಸೆಟ್ ಮುಟ್ಟಿದ್ರೆ ಹರಡು ಜಾಸ್ತಿಯಾಗುತ್ತೆ, ಕಡಿಮೆಯಾಗಲ್ಲ. ಗುಂಪಿನ ಸರಾಸರಿ ಲಿಮಿಟ್ ದಾಟಿದಾಗ, ಇಲ್ಲಾ ಸತತ ಏಳು ಬಿಂದು ಒಂದೇ ಬದಿಗೆ ಬಂದಾಗ ಮಾತ್ರ ಮುಟ್ಟಿ. ಇನ್ಸರ್ಟ್ ಬದಲಿಸಿದ ಜಾಗವನ್ನ ಚಾರ್ಟಿನಲ್ಲಿ ಗುರುತು ಹಾಕಿ. ಐದು ಗುಂಪು ತೀರಾ ಕಡಿಮೆ, 20-25 ಗುಂಪು ಇದ್ರೇನೇ ಲಿಮಿಟ್ ನಂಬಬಹುದು. ರಿಪೋರ್ಟಿನಲ್ಲಿ ಇದನ್ನ ಮುಚ್ಚಿಡಬೇಡಿ, 'ತಾತ್ಕಾಲಿಕ ಲಿಮಿಟ್' ಅಂತಲೇ ಬರೀರಿ.

---

ಸ್ಲಿಪ್‌ಗೇಜ್

ಮೇಲಿನವರ ಲೆಕ್ಕ ಒಪ್ಪಿದೆ. ಆದರೆ ಆ 3 ಮೈಕ್ರಾನ್ ಸಿಗ್ಮಾ ಪೂರ್ತಿ ಲೇತ್‌ನದ್ದು ಅಂತ ತೀರ್ಮಾನಿಸಬೇಡಿ. ಅದರಲ್ಲಿ ಅಳತೆಯ ಪಾಲೂ ಸೇರಿದೆ.

ಮೊದಲು ಮೈಕ್ರೋಮೀಟರ್. 25 ಎಂಎಂ ಸರಿಯಾಗಿ ಎರಡು ಮೈಕ್ರೋಮೀಟರ್‌ಗಳ ಗಡಿಯಲ್ಲಿ ಬರುವ ಅಳತೆ. 0-25ರದ್ದು 25ಕ್ಕೆ ಮುಗಿಯುತ್ತದೆ, 25-50ರದ್ದು 25ರಿಂದ ಶುರುವಾಗುತ್ತದೆ. ನಿಮ್ಮ 24.999 ರೀಡಿಂಗ್ ಆ ಉಪಕರಣದ ವ್ಯಾಪ್ತಿಯ ಹೊರಗಿದೆ. ಸ್ಕ್ರೂ ಸ್ವಲ್ಪ ಹಿಂದೆ ಹೋಗುತ್ತದೆ, ಡಿಸ್‌ಪ್ಲೇ ಸಂಖ್ಯೆಯನ್ನೂ ತೋರಿಸುತ್ತದೆ, ಆದರೆ ಅಲ್ಲಿ ಅದನ್ನು ಕ್ಯಾಲಿಬ್ರೇಟ್ ಮಾಡಿರುವುದಿಲ್ಲ. ಈ ಸೀಟಿಗೆ ಸರಿಯಾದ ದಾರಿ ಕಂಪ್ಯಾರೇಟರ್ ಸ್ಟ್ಯಾಂಡ್, 0.001 ಡಯಲ್ ಮತ್ತು ಸ್ಲಿಪ್ ಗೇಜ್ (ನಿಖರ ದಪ್ಪದ ಉಕ್ಕಿನ ಬಿಲ್ಲೆಗಳು). 1.008 + 4 + 20 ಬಿಲ್ಲೆಗಳನ್ನು ಒತ್ತಿ ಒಂದಕ್ಕೊಂದು ಅಂಟಿಸಿದರೆ (ರಿಂಗಿಂಗ್) 25.008. ಅದಕ್ಕೆ ಡಯಲ್ ಸೊನ್ನೆ ಮಾಡಿ. ಆಮೇಲೆ ಶಾಫ್ಟ್ ಇಟ್ಟಾಗ ಮುಳ್ಳು ಮೈನಸ್ 6ರಿಂದ ಪ್ಲಸ್ 7ರ ಒಳಗೆ ಇದ್ದರೆ ಓಕೆ. ಶಾಫ್ಟನ್ನು ಆನ್‌ವಿಲ್ ಮೇಲೆ ಹಿಂದೆ ಮುಂದೆ ಉರುಳಿಸಿ, ಮುಳ್ಳು ಅತಿ ಹೆಚ್ಚು ತೋರಿಸುವ ರೀಡಿಂಗನ್ನೇ ಬರೆದುಕೊಳ್ಳಬೇಕು.

ಎರಡನೆಯದು ಬಿಸಿ. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಚಕ್‌ನಿಂದ ಬಿಚ್ಚಿದ ತಕ್ಷಣ ಶಾಫ್ಟ್ ಕೋಣೆಗಿಂತ 20 ಡಿಗ್ರಿ ಬಿಸಿ ಇದ್ದರೆ 25 ಎಂಎಂಗೆ ಸುಮಾರು 6 ಮೈಕ್ರಾನ್ ದಪ್ಪ ತೋರಿಸುತ್ತದೆ. ನಿಮ್ಮ ಟಾಲರೆನ್ಸೇ 13. ಬಿಸಿಯಲ್ಲಿ 25.006 ಅಂತ ಪಾಸಾದ ಶಾಫ್ಟ್ ಆರಿದ ಮೇಲೆ 25.000ಕ್ಕೆ ಬರುತ್ತದೆ. ಅಳತೆಯ ಪ್ರಮಾಣಿತ ಉಷ್ಣಾಂಶ 20 ಡಿಗ್ರಿ, ಆದರೆ ಏಸಿ ಇಲ್ಲ ಅಂತ ಕೈಚೆಲ್ಲಬೇಕಿಲ್ಲ. ಶಾಫ್ಟ್, ಸ್ಲಿಪ್ ಗೇಜ್ ಎರಡನ್ನೂ ಒಂದೇ ಮೇಜಿನ ಕಬ್ಬಿಣದ ಪ್ಲೇಟಿನ ಮೇಲೆ ಒಂದೆರಡು ಗಂಟೆ ಬಿಡಿ. ಎರಡೂ ಉಕ್ಕೇ ಆದ್ದರಿಂದ ಸಮನಾಗಿ ಹಿಗ್ಗಿ, ವ್ಯತ್ಯಾಸ ಹೆಚ್ಚುಕಡಿಮೆ ಕಳೆದುಹೋಗುತ್ತದೆ. ಸ್ಲಿಪ್ಪನ್ನು ಬರಿಗೈಯಲ್ಲಿ ಹಿಡಿದು ನಿಲ್ಲಬೇಡಿ.

ಬೇರೆ ಏನಕ್ಕೂ ಮೊದಲು ಈ ಪರೀಕ್ಷೆ ಮಾಡಿ: ಒಂದೇ ಶಾಫ್ಟ್, ಸೀಟಿನ ಮೇಲೆ ಮಾರ್ಕರ್‌ನಿಂದ ಒಂದೇ ಗುರುತು, ಒಬ್ಬರೇ, ಪ್ರತಿ ಸಲ ತೆಗೆದು ಮತ್ತೆ ಹಿಡಿದು 10 ರೀಡಿಂಗ್. ನೀವು ಬಳಸಿದ ಅದೇ ಮೈಕ್ರೋಮೀಟರ್‌ನಲ್ಲೇ. ಫಲಿತಾಂಶ ಇಲ್ಲಿ ಹಾಕಿ.

---

ಸೆಂಟರ್_ಟು_ಸೆಂಟರ್

ಮಷೀನಿಂಗ್ ಬಗ್ಗೆ ನಾನು ಹೇಳ್ತೀನಿ.

ಫೀಡ್ 0.15, ನೋಸ್ 0.4. ಟೂಲ್ ಬಿಡೋ ಗೆರೆಯ ಎತ್ತರ ಫೀಡ್‌ನ ವರ್ಗ ಭಾಗಿಸು 8 ಸಲ ರೇಡಿಯಸ್: 0.0225 ÷ 3.2 = 0.007. ಒಂದು ಬದಿಗೆ 7 ಮೈಕ್ರಾನ್ ಗುಡ್ಡ, ವ್ಯಾಸಕ್ಕೆ 14. ಟಾಲರೆನ್ಸ್‌ಗಿಂತ ಗುಡ್ಡವೇ ದೊಡ್ಡದು! ಮೈಕ್ರೋಮೀಟರ್ ಅಳೆಯೋದು ಗುಡ್ಡದ ತುದಿಯನ್ನ. ಬೇರಿಂಗ್ ಒತ್ತಿದಾಗ ಆ ತುದಿಗಳು ಮಲಗ್ತವೆ, ಬಿಗಿ ಹೊರಟುಹೋಗುತ್ತೆ. ಬಿಚ್ಚಿ ಮತ್ತೆ ಹಾಕಿದ್ರೆ ಇನ್ನೂ ಸಡಿಲ. ಫೀಡ್ 0.08 ಮಾಡಿದ್ರೆ ಗುಡ್ಡ 2 ಮೈಕ್ರಾನ್‌ಗೆ ಇಳಿಯುತ್ತೆ. ಕೊನೇ ಕಟ್ ಬದಿಗೆ 0.2-0.25 ಇರಲಿ. 0.05 ಬಿಟ್ರೆ ಇನ್ಸರ್ಟ್ ಕಡಿಯೋ ಬದಲು ಉಜ್ಜುತ್ತೆ, ಸೈಜ್ ಓಡಾಡುತ್ತೆ. ಸೀಟಿನ ಮೇಲ್ಮೈ ನುಣುಪಿಗೆ ಆರ್ಎ 0.8 ಅಂತ ಡ್ರಾಯಿಂಗ್‌ನಲ್ಲಿ ಬರೀಲೇಬೇಕು.

ತ್ರೀ ಜಾ ಬಿಗಿಯಾಗಿ ಹಿಡಿದು, ಹಿಡಿತದ ಹತ್ತಿರ ಕಡಿದ್ರೆ, ಬಿಟ್ಟ ಮೇಲೆ ಸೀಟು ಮೂರು ಉಬ್ಬಿನ ಆಕಾರಕ್ಕೆ ಬರಬಹುದು. ಮೈಕ್ರೋಮೀಟರ್ ಎದುರುಬದುರು ಎರಡೇ ಬಿಂದು ಮುಟ್ಟೋದ್ರಿಂದ ಮೂರುಬ್ಬನ್ನ ಹಿಡಿಯಲ್ಲ, ಎಲ್ಲಿ ಅಳೆದ್ರೂ ಒಂದೇ ತೋರಿಸುತ್ತೆ. 90 ಡಿಗ್ರಿ ವಿ ಬ್ಲಾಕ್ ಮೇಲಿಟ್ಟು ಡಯಲ್ ಹಚ್ಚಿ ತಿರುಗಿಸಿ, ಆಗ ಮುಳ್ಳು ಆಡುತ್ತೆ. 'ಸೈಜ್ ಸರಿ, ಬೇರಿಂಗ್ ಮಾತ್ರ ಕೂರ್ತಿಲ್ಲ' ಅನ್ನೋ ಕೇಸಿನಲ್ಲಿ ಇದನ್ನೂ ನೋಡಿಬಿಡಿ.

ಇದಕ್ಕಿಂತ ದೊಡ್ಡ ತಪ್ಪು ತಿರುಗಿಸಿ ಹಿಡಿದಿದ್ದು. ಎರಡು ಸೀಟಿಗೂ ಬೇರೆ ಬೇರೆ ಅಕ್ಷ ಬಂದಿರುತ್ತೆ. ಎರಡೂ ಮುಖ ಫೇಸ್ ಮಾಡಿ, 3.15ರ ಸೆಂಟರ್ ಡ್ರಿಲ್ ಹಾಕಿ, ಕ್ಯಾರಿಯರ್ (ಶಾಫ್ಟನ್ನ ಹಿಡಿದು ತಿರುಗಿಸೋ ಕ್ಲ್ಯಾಂಪ್) ಕಟ್ಟಿ ಸೆಂಟರ್‌ಗಳ ನಡುವೆ ತಿರುಗಿಸಿ. ತಿರುಗಿಸಿ ಹಾಕಿದ್ರೂ ಅಕ್ಷ ಅದೇ ಇರುತ್ತೆ. ಆಮೇಲೆ ಗ್ರೈಂಡಿಂಗ್ ಬೇಕು ಅನ್ಸಿದ್ರೂ ಅವೇ ಸೆಂಟರ್ ಬರ್ತವೆ. ಗ್ರೈಂಡಿಂಗ್‌ಗೆ ವ್ಯಾಸದಲ್ಲಿ 0.25-0.3 ಬಿಡಿ. ಸೆಂಟರ್ ಗುಳಿಯಲ್ಲಿ ಒಂದು ಚಿಪ್ಸ್ ಉಳಿದ್ರೂ ಅದರ ಪಡಿಯಚ್ಚು ಸೀಟಿನ ಮೇಲೆ ಬರುತ್ತೆ.

---

ಹಾಸನ_ಮೆಕ್_ಡಿಪ್ಲೊಮಾ

ತುಂಬಾ ಥ್ಯಾಂಕ್ಸ್ ಸರ್. 10 ರೀಡಿಂಗ್ ತಗೊಂಡ್ವಿ. ಒಂದೇ ಶಾಫ್ಟ್, ಒಂದೇ ಗುರುತು: ಕಡಿಮೆ 25.004, ಹೆಚ್ಚು 25.010. ರೇಂಜ್ 0.006. ಇದು ಜಾಸ್ತೀನಾ?

---

ಸ್ಲಿಪ್‌ಗೇಜ್

ಬಹಳ ಜಾಸ್ತಿ. ಹತ್ತು ರೀಡಿಂಗ್‌ಗೆ ಡಿ2 3.078. 0.006 ÷ 3.078 = 0.00195, ಅಂದರೆ ಅಳತೆಯದ್ದೇ 2 ಮೈಕ್ರಾನ್ ಸಿಗ್ಮಾ. ಆರು ಸಿಗ್ಮಾ 0.0117, ಟಾಲರೆನ್ಸ್‌ನ 90 ಶೇಕಡಾ. ಗೇಜ್ ಆರ್ ಅಂಡ್ ಆರ್‌ನಲ್ಲಿ (ಅಳತೆ ಎಷ್ಟು ನಂಬಬಹುದು ಅನ್ನುವ ಪರೀಕ್ಷೆ) ಈ ಶೇಕಡಾ 10ರ ಒಳಗಿದ್ದರೆ ಒಳ್ಳೆಯದು, 10-30 ಸಂದರ್ಭ ನೋಡಿ ಒಪ್ಪುವಂಥದ್ದು, 30 ದಾಟಿದರೆ ಆ ಉಪಕರಣದಿಂದ ಆ ಟಾಲರೆನ್ಸ್ ಅಳೆಯಬಾರದು. ಇದು ಒಬ್ಬರ ಅಳತೆ ಮಾತ್ರ. ಪೂರ್ತಿ ಅಧ್ಯಯನಕ್ಕೆ 10 ಶಾಫ್ಟ್, 3 ಜನ, 3 ಸಲ, ಒಟ್ಟು 90 ರೀಡಿಂಗ್. ಹಿಂದಿನ ರೀಡಿಂಗ್ ಅಳೆಯುವವರಿಗೆ ಕಾಣಬಾರದು.

ಇದರಿಂದ ಒಂದು ಒಳ್ಳೆಯ ಸುದ್ದಿಯೂ ಇದೆ. ಹರಡು ವರ್ಗದ ಲೆಕ್ಕದಲ್ಲಿ ಕೂಡುತ್ತದೆ, ಹಾಗೇ ಕಳೆಯಬಹುದು: 9.06 ಕಳೆ 3.80 ಅಂದರೆ 5.26, ವರ್ಗಮೂಲ 2.3. ಲೇತ್‌ನ ನಿಜವಾದ ಸಿಗ್ಮಾ 2.3 ಮೈಕ್ರಾನ್ ಆಸುಪಾಸು. ಕೆ6ಕ್ಕೆ ಸಿಪಿ 0.94 ಆಗುತ್ತದೆ. ಇನ್ನೂ ಸಾಲದು, ಆದರೆ 0.72 ಅಲ್ಲ. ರ‍್ಯಾಚೆಟ್ ಬಳಸದೆ ಥಿಂಬಲ್ ಹಿಡಿದು ತಿರುಗಿಸುತ್ತಿದ್ದೀರಾ ನೋಡಿ, ಇಷ್ಟು ಹರಡಿಗೆ ಸಾಮಾನ್ಯ ಕಾರಣ ಅದೇ. ಕಾಲೇಜಿನ ಮೆಟ್ರಾಲಜಿ ಲ್ಯಾಬಿನಲ್ಲಿ ಕಂಪ್ಯಾರೇಟರ್ ಇಲ್ಲದಿದ್ದರೆ ಹಾಸನದ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ) ಕೇಂದ್ರದಲ್ಲಿ ವಿಚಾರಿಸಿ. ಡೈ, ಮೋಲ್ಡ್ ಕಲಿಸುವ ಕಡೆ ಸ್ಲಿಪ್ ಗೇಜ್ ಇಲ್ಲದೆ ಕೆಲಸ ಸಾಗುವುದಿಲ್ಲ.

---

ಚಿಕ್ಕಮಗಳೂರು_ಪಲ್ಪರ್

ಎಲ್ಲರೂ ಕೆ6 ಹಿಡಿಯೋದು ಹೇಗೆ ಅಂತ ಹೇಳಿದ್ರಿ. ಪಲ್ಪರ್‌ಗೆ ಕೆ6 ಯಾಕೆ ಬೇಕು ಅನ್ನೋದನ್ನ ಮೊದಲು ಕೇಳಬೇಕಿತ್ತು.

ಶಾಫ್ಟ್ ತಿರುಗುತ್ತೆ, ಬೆಲ್ಟಿನ ಎಳೆತ ಒಂದೇ ದಿಕ್ಕಿಗೆ. ಆಗ ಒಳ ರಿಂಗಿಗೆ ಬಿಗಿ ಬೇಕು, ಇಲ್ಲಾಂದ್ರೆ ರಿಂಗ್ ಶಾಫ್ಟ್ ಮೇಲೆ ತೆವಳಿ ಸೀಟು ತಿಂದುಹಾಕುತ್ತೆ. 6205ಕ್ಕೆ ಕೆ6 ಕೊಟ್ಟಿದ್ದು ಪುಸ್ತಕದ ಪ್ರಕಾರ ಸರಿ. ಬೇರಿಂಗ್ ರಂಧ್ರವೂ 24.990ರಿಂದ 25.000 ಓಡಾಡುತ್ತೆ, ಕೆಲವು ಕೈಯಲ್ಲಿ ಕೂತು ಕೆಲವು ಪ್ರೆಸ್ ಕೇಳೋದಕ್ಕೆ ಅದೂ ಕಾರಣ. ಆದ್ರೆ 6205 ಇಟ್ಟುಕೊಂಡ್ರೆ ಶೋಲ್ಡರ್ 30 ಸಾಲದು, ಕನಿಷ್ಠ 30.6 ಬೇಕು. ಮೂಲೆಯ ಫಿಲೆಟ್ 1 ಎಂಎಂ ಮೀರಬಾರದು, ಮೀರಿದ್ರೆ ಬೇರಿಂಗ್ ಶೋಲ್ಡರ್‌ಗೆ ತಾಗೋದೇ ಇಲ್ಲ.

ಇನ್ನು ಪಲ್ಪರ್ ಫ್ರೇಮ್ ನೋಡಿ. ಆಂಗಲ್ ವೆಲ್ಡ್ ಮಾಡಿರ್ತಾರೆ, ಎರಡು ಬೇರಿಂಗ್ ಮನೆಗಳು ಒಂದೇ ಸಾಲಿಗೆ ಬರೋದು ಕಷ್ಟ. ನವೆಂಬರಿಂದ ಫೆಬ್ರವರಿವರೆಗೆ ದಿನಾ ನೀರು, ಹಣ್ಣಿನ ಲೋಳೆ. ಅಲ್ಲಿಗೆ ಯುಸಿಪಿ205 ಪ್ಲಮ್ಮರ್ ಬ್ಲಾಕ್ (ಮನೆ ಸಮೇತ ಬರೋ ಬೇರಿಂಗ್) ಸರಿ. ಹೊರಮೈ ಗೋಳಾಕಾರ ಇರೋದ್ರಿಂದ ಸ್ವಲ್ಪ ಓರೆಯನ್ನ ತಾಳಿಕೊಳ್ಳುತ್ತೆ, ಸೀಲ್ ಇದೆ, ಗ್ರೀಸ್ ನಿಪ್ಪಲ್ ಇದೆ, ಗ್ರಬ್ ಸ್ಕ್ರೂನಿಂದ ಹಿಡಿಯುತ್ತೆ. ಹಗುರ ಹೊರೆಗೆ ಶಾಫ್ಟ್ ಚಿಕ್ಕಕ್ಷರದ ಎಚ್7 ಸಾಕು: 24.979ರಿಂದ 25.000. ಅಗಲ 21 ಮೈಕ್ರಾನ್. 2.3 ಸಿಗ್ಮಾ ಹಿಡಿದ್ರೆ ಸಿಪಿ 1.5 ದಾಟುತ್ತೆ, ಗ್ರೈಂಡಿಂಗ್ ಬೇಡ. ಈಗ ಮಾಡಿರೋ 25 ಶಾಫ್ಟನ್ನ ಎಚ್7ಗೆ ಇಳಿಸಿಕೊಳ್ಳೋಕೂ ಬರುತ್ತೆ, ಲೋಹ ಇನ್ನೂ ಇದೆ. ಆದ್ರೆ ತೆಗೀಬೇಕಾದ್ದು 17 ಮೈಕ್ರಾನ್‌ನಷ್ಟೇ, ಅದಕ್ಕೆ ಟೂಲ್ ಬೇಡ, ಸೆಂಟರ್‌ಗಳ ನಡುವೆ ಹಾಕಿ ಎಮರಿಯಲ್ಲಿ ಮಾಡಿ.

ಕಾಫಿ ಬೀಜ ಕತ್ತರಿಸಿ ಹೋಗೋದು ಸೀಟಿನ ಮೈಕ್ರಾನ್‌ನಿಂದ ಅಲ್ಲ. ಡ್ರಮ್ ಓಲಾಡಿದ್ರೆ ಬ್ರೆಸ್ಟ್ ಪ್ಲೇಟ್ ಜೊತೆಗಿನ ಸಂದು ಪ್ರತಿ ಸುತ್ತಿನಲ್ಲೂ ಬದಲಾಗುತ್ತೆ. ಸಂದು ಕಿರಿದಾದ ಕಡೆ ಬೀಜ ನಜ್ಜು, ಅಗಲವಾದ ಕಡೆ ಹಣ್ಣು ಇಡಿಯಾಗಿ ಹೊರಗೆ. ಅದಕ್ಕೆ ಎರಡು ಸೀಟನ್ನೂ ಡೇಟಮ್ (ಅಳತೆಯ ಆಧಾರ) ಮಾಡಿ, ಡ್ರಮ್ ಕೂರೋ ವ್ಯಾಸಕ್ಕೆ ರನ್‌ಔಟ್ (ಓಲಾಟದ ಮಿತಿ) 0.05 ಕೊಡಿ. ನಿಮ್ಮ ಡ್ರಾಯಿಂಗ್‌ನಲ್ಲಿ ಅದೊಂದೇ ಇಲ್ಲ.

---

ಹಾಸನ_ಮೆಕ್_ಡಿಪ್ಲೊಮಾ

ಡ್ರಾಯಿಂಗ್ ರಿವಿಷನ್ ಮಾಡ್ತೀವಿ ಸರ್. ರನ್‌ಔಟ್ ಅಳೆಯೋಕೆ ಬೆಂಚ್ ಸೆಂಟರ್ ಸಾಕಾ, ವಿ ಬ್ಲಾಕೇ ಬೇಕಾ?

---

ಸೆಂಟರ್_ಟು_ಸೆಂಟರ್

ಡೇಟಮ್ ಸೀಟುಗಳಾದ್ರೆ ಸೀಟನ್ನೇ ಆಧಾರ ಮಾಡಬೇಕು. ಒಂದೇ ಎತ್ತರದ ಜೋಡಿ ವಿ ಬ್ಲಾಕ್ ತಗೊಂಡು ಎರಡೂ ಸೀಟು ಅದರಲ್ಲಿ ಕೂರಿಸಿ, ಒಂದು ತುದಿಗೆ ಸ್ಟಾಪ್ ಕೊಡಿ, ಡ್ರಮ್ ವ್ಯಾಸದ ಮೇಲೆ ಡಯಲ್ ಹಚ್ಚಿ ನಿಧಾನ ಒಂದು ಸುತ್ತು. ಎರಡು ತುದಿ, ಮಧ್ಯ, ಮೂರು ಕಡೆ ಅಳೀರಿ. ಬೆಂಚ್ ಸೆಂಟರ್‌ನಲ್ಲಿ ಹಾಕಿದ್ರೆ ಸೆಂಟರ್ ಗುಳಿಗೂ ಡ್ರಮ್‌ಗೂ ಇರೋ ಸಂಬಂಧ ಮಾತ್ರ ಗೊತ್ತಾಗುತ್ತೆ. ಈಗಿನ ಬ್ಯಾಚ್ ಚಕ್‌ನಲ್ಲಿ ಆಗಿರೋದ್ರಿಂದ ಅದು ಸೀಟಿನ ಓಲಾಟವನ್ನ ಹೇಳಲ್ಲ.