ಅಪ್‌ಡೇಟ್: ದೊಡ್ಡ ಕಲ್ಲಿನ ಉಂಗುರ ಈಗ ತಿರುಗುತ್ತಿಲ್ಲ

25×18 ಮಿ.ಮೀ. ಅಗೇಟ್ ಕಲ್ಲಿನ ಬೆಳ್ಳಿ ಉಂಗುರ ಬೆರಳಲ್ಲಿ ವಾಲಿಕೊಂಡು ತಿರುಗುತ್ತೆ, ಏನು ಮಾಡೋದು ಅಂತ ಕೇಳಿದ್ದೆ. ಹಾಸನದಲ್ಲೇ ಅಕ್ಕಸಾಲಿಗರ ಹತ್ತಿರ ಸರಿ ಮಾಡಿಸಿದ್ದಾಯ್ತು.

ಅಳತೆ ಚಿಕ್ಕದು ಮಾಡಿಸಿ ಅನ್ನೋ ಸಲಹೆ ಉಪಯೋಗಕ್ಕೆ ಬರಲಿಲ್ಲ, ಗೆಣ್ಣೇ ದಾಟಲಿಲ್ಲ. ಕೈಹಿಡಿದದ್ದು ಗುಂಡಿನ ಸಲಹೆ: ಉಂಗುರದ ಒಳಮೈಯಲ್ಲಿ, ಕಲ್ಲು ಗಡಿಯಾರದ 12ರಲ್ಲಿದೆ ಅಂದುಕೊಂಡರೆ 5 ಮತ್ತು 7 ಇರೋ ಜಾಗದಲ್ಲಿ, 2 ಮಿ.ಮೀ. ಬೆಳ್ಳಿ ಗುಂಡು ಒಂದೊಂದು ಬೆಸುಗೆ. ಗೆಣ್ಣು ದಾಟಿದ ಮೇಲೆ ಅವು ಬೆರಳನ್ನ ಹಿಡಿದುಕೊಳ್ಳುತ್ತವೆ. ಬೆಸುಗೆಗೆ ಮೊದಲು ಕಲ್ಲು ಬಿಚ್ಚಲೇಬೇಕು, ಶಾಖಕ್ಕೆ ಅಗೇಟ್ ಸೀಳಬಹುದು. ಬಿಚ್ಚಿದಾಗಲೇ ಕಲ್ಲಿನ ಕೆಳಗಿರೋ ಅಡಿತಗಡಿನ ನಡುವೆ ಕಿಂಡಿ ಕೊರೆಸಿದ್ದರಿಂದ ತೂಕವೂ ಇಳೀತು. ಕಲ್ಲು ಕೂರೋಕೆ ಸುತ್ತ 2 ಮಿ.ಮೀ. ಅಂಚು ಸಾಕಾಯ್ತು.

ಗೊತ್ತಿಲ್ಲದ ವಿಷಯ ಒಂದಿತ್ತು: ಬೆರಳು ಸುತ್ತೋ ಪಟ್ಟಿ 8 ಮಿ.ಮೀ. ಅಗಲ ಇದ್ದರೆ, ಅದೇ ಬೆರಳಿಗೆ ಕಿರಿದಾದ ಪಟ್ಟಿಗಿಂತ ಅರ್ಧ ಸೈಜ್ ದೊಡ್ಡದು ಬೇಕು.