ಡೌನ್ ಸಿಂಡ್ರೋಮ್ ಇರುವ ಅಣ್ಣನಿಗೆ ಡಿಮೆನ್ಷಿಯಾ ಶುರುವಾಗಿದೆಯಾ ಅಂತ ಇಇಜಿಯಲ್ಲಿ ಗೊತ್ತಾಗುತ್ತಾ?

ಜಯನಗರದ ತಂಗಿ

ನಮ್ಮ ಅಣ್ಣನಿಗೆ 46 ವರ್ಷ. ಡೌನ್ ಸಿಂಡ್ರೋಮ್ ಇದೆ. ಬೆಳಿಗ್ಗೆ ನಂದಿನಿ ಬೂತಿನಿಂದ ಹಾಲು ತರುವುದು, ಬಟ್ಟೆ ಮಡಿಸುವುದು, ದೇವರ ದೀಪಕ್ಕೆ ಬತ್ತಿ ಹಾಕುವುದು ಎಲ್ಲ ಅವನದೇ ಕೆಲಸ, ಬೇರೆ ಯಾರಾದರೂ ಕೈ ಹಾಕಿದರೆ ಕೋಪ ಬರುತ್ತಿತ್ತು. ಕಳೆದ ವರ್ಷ ಅಮ್ಮ ತೀರಿಕೊಂಡರು. ಆಮೇಲೆ ಒಂದೊಂದನ್ನೇ ಬಿಡುತ್ತಾ ಬಂದಿದ್ದಾನೆ. ಅಂಗಿಯ ಗುಂಡಿ ಹಾಕುತ್ತಾ ಮಧ್ಯದಲ್ಲೇ ನಿಲ್ಲಿಸಿ ಸುಮ್ನೆ ಕೂತುಬಿಡುತ್ತಾನೆ. ಒಬ್ಬ ಡಾಕ್ಟರಿಗೆ ತೋರಿಸಿದರೆ "ಇಂಥವರು ಹೀಗೇ ಇರ್ತಾರೆ" ಅಂದರು. ಅವನು ಹೀಗಿರಲಿಲ್ಲ ಅಂತ ಹೇಳುವುದಕ್ಕೇ ತಾನೆ ನಾನು ಹೋಗಿದ್ದು!

ಇಇಜಿಯಲ್ಲಿ ಮಿದುಳಿನ ಅಲೆ ರೆಕಾರ್ಡ್ ಮಾಡಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಹಿಡಿಯಬಹುದು ಅಂತ ಓದಿದೆ. ಎಂಆರ್‌ಐ ಸದ್ದಿಗೆ ಅವನು ಒಳಗೇ ಹೋಗುವುದಿಲ್ಲ. ಇಇಜಿ ಮಾಡಿಸಲಾ?

ಇಇಜಿ ಲ್ಯಾಬ್

ಇಇಜಿ ತೆಗೆಯುವ ಕೆಲಸ ನನ್ನದು, ರಿಪೋರ್ಟ್ ಬರೆಯುವವರು ನರರೋಗ ತಜ್ಞರು. ಮಾಡಿಸಿ, ಆದರೆ ಅದರಿಂದ ಏನು ಸಿಗುತ್ತೆ, ಏನು ಸಿಗಲ್ಲ ಅಂತ ಮೊದಲೇ ತಿಳಿದಿರಲಿ.

ಎಚ್ಚರವಾಗಿದ್ದು ಕಣ್ಣು ಮುಚ್ಚಿಕೊಂಡಾಗ ತಲೆಯ ಹಿಂಭಾಗದಲ್ಲಿ ಆಲ್ಫಾ ಅಲೆ ಕಾಣುತ್ತದೆ, ಸೆಕೆಂಡಿಗೆ 8ರಿಂದ 13. ಡಿಮೆನ್ಷಿಯಾಕ್ಕೆ ಮುಖ್ಯ ಕಾರಣವಾದ ಆಲ್ಝೈಮರ್ ಕಾಯಿಲೆ ಮುಂದುವರಿದಂತೆ ಇದು ನಿಧಾನವಾಗುತ್ತದೆ, ಸೆಕೆಂಡಿಗೆ 4ರಿಂದ 8ರ ಥೀಟಾ ಅಲೆ ಜಾಸ್ತಿಯಾಗುತ್ತದೆ. ಡೌನ್ ಸಿಂಡ್ರೋಮ್ ಇರುವವರಲ್ಲೂ ಇದೇ ಕಂಡಿದೆ. ತೊಡಕು ಏನೆಂದರೆ ಡಿಮೆನ್ಷಿಯಾ ಇಲ್ಲದಿದ್ದಾಗಲೂ ಇವರ ಅಲೆ ಬೇರೆಯವರಿಗಿಂತ ಸರಾಸರಿ ನಿಧಾನವೇ. ಹಾಗಾಗಿ ನಿಮ್ಮ ಅಣ್ಣನ ಇಇಜಿಯನ್ನು ನನ್ನದಕ್ಕೆ ಹೋಲಿಸಿ ಪ್ರಯೋಜನವಿಲ್ಲ, ಅವನದೇ ಹಳೆಯ ಇಇಜಿಗೆ ಹೋಲಿಸಬೇಕು. ಸಂಶೋಧನೆಯಲ್ಲಿ ಗುಂಪಿಗೆ ಗುಂಪು ಹೋಲಿಸುತ್ತಾರೆ, ಅಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತೆ. ಒಬ್ಬರ ಒಂದೇ ರೆಕಾರ್ಡಿಂಗ್ ಹಿಡಿದು ಹೌದು, ಇಲ್ಲ ಅನ್ನುವುದಕ್ಕೆ ಆಗಲ್ಲ.

ಇನ್ನೊಂದು ಮಾತು. ತೂಕಡಿಕೆ ಬಂದರೂ ಅಲೆ ನಿಧಾನವಾಗುತ್ತೆ. ನಿದ್ದೆ ಔಷಧಿ ಕೊಟ್ಟು ಮಲಗಿಸಿ ತೆಗೆದರೆ ನಿಮಗೆ ಬೇಕಾದ್ದು ಸಿಗಲ್ಲ, "ಎಚ್ಚರದಲ್ಲಿ ತೆಗೆಯಿರಿ" ಅಂತ ಕೇಳಿ. ತಲೆಗೆ ಎಣ್ಣೆ ಹಚ್ಚಬೇಡಿ. ಸುಮಾರು 20 ತಂತಿ ಅಂಟಿಸುತ್ತಾರೆ, ಅರ್ಧ ಗಂಟೆ, ನೋವಿಲ್ಲ. ನೀವು ಪಕ್ಕದಲ್ಲೇ ಕೂತಿರಬಹುದಾ ಅಂತಲೂ ಕೇಳಿ, ಎಷ್ಟೋ ಕಡೆ ಬಿಡುತ್ತಾರೆ.

ವಿಜಯನಗರದಿಂದ

ನಮ್ಮ ಅಕ್ಕನಿಗೂ ಡೌನ್ ಸಿಂಡ್ರೋಮ್ ಇತ್ತು, ಕೊನೆಗೆ ಡಿಮೆನ್ಷಿಯಾನೂ ಬಂತು. ನಿಮ್ಮ ಭಯ ಸುಮ್ನೆ ಅಲ್ಲ. ಆಲ್ಝೈಮರ್‌ನಲ್ಲಿ ಮಿದುಳಿನಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ಅನ್ನುವ ಪ್ರೋಟೀನ್ ಹುಟ್ಟುವುದಕ್ಕೆ ಬೇಕಾದ ಎಪಿಪಿ ಜೀನ್ ಇರುವುದೇ 21ನೇ ಕ್ರೋಮೋಸೋಮಿನಲ್ಲಿ, ಬೇರೆಯವರಿಗೆ ಅದು ಎರಡು, ಇವರಿಗೆ ಮೂರು. 40 ವರ್ಷದ ಹೊತ್ತಿಗೆ ಹೆಚ್ಚು ಕಡಿಮೆ ಎಲ್ಲರ ಮಿದುಳಿನಲ್ಲೂ ಅಮಿಲಾಯ್ಡ್ ಕಟ್ಟಿರುತ್ತದೆ, ಲಕ್ಷಣ ಕಾಣುವುದು ಸಾಮಾನ್ಯವಾಗಿ 50 ದಾಟಿದ ಮೇಲೆ.

ಆದರೂ ಡಿಮೆನ್ಷಿಯಾ ಅಂತ ಒಪ್ಪಿಕೊಳ್ಳುವ ಮೊದಲು ಗುಣವಾಗುವ ಕಾರಣಗಳನ್ನು ಹುಡುಕಿಸಿ. ಥೈರಾಯ್ಡ್, ಬಿ12, ಕಣ್ಣಿನ ಪೊರೆ, ಕಿವಿ, ಗೊರಕೆ ಹೊಡೆಯುತ್ತಾ ಉಸಿರು ನಿಲ್ಲುವುದು. ಡೌನ್ ಸಿಂಡ್ರೋಮ್ ಇರುವವರಲ್ಲಿ ಇವುಗಳಲ್ಲಿ ಹೆಚ್ಚಿನವು ತುಂಬಾ ಸಾಮಾನ್ಯ. ಮತ್ತೆ ದುಃಖ. ಅಮ್ಮ ಹೋಗಿದ್ದಾರೆ, ಅಲ್ವಾ? ನಮ್ಮಲ್ಲಿ "ಅವನಿಗೆ ಏನು ಗೊತ್ತಾಗುತ್ತೆ" ಅಂತ ತಿಥಿಯ ದಿನ ಪಕ್ಕದ ಮನೆಗೆ ಕಳಿಸಿಬಿಡುತ್ತಾರೆ, ಆಗ ಅವರಿಗೆ ಅಳುವುದಕ್ಕೂ ಜಾಗ ಇರಲ್ಲ, ಆ ಖಿನ್ನತೆ ನೋಡುವವರಿಗೆ ಮರೆವಿನ ಥರಾನೇ ಕಾಣುತ್ತದೆ.

ಬೆಳಿಗ್ಗೆ ಎದ್ದ ಮೇಲೆ ಕೈ ಜರ್ಕ್ ಆಗಿ ಲೋಟ ಬೀಳುತ್ತಾ ಗಮನಿಸಿ. ಅಕ್ಕನಿಗೆ ಹಾಗಾಗುತ್ತಿತ್ತು, ಇಇಜಿಯಲ್ಲಿ ಅದು ಫಿಟ್ಸ್ ಅಂತ ಗೊತ್ತಾಗಿ ಮಾತ್ರೆ ಶುರುವಾಯಿತು. ಈ ವಯಸ್ಸಿನಲ್ಲಿ ಹೊಸದಾಗಿ ಬರುವ ಫಿಟ್ಸ್‌ಗೂ ಡಿಮೆನ್ಷಿಯಾಗೂ ನಂಟಿದೆ. ಇಇಜಿಯಿಂದ ಇವತ್ತೇ ಸಿಗುವ ಉಪಯೋಗ ಅಂದರೆ ಇದು.

ಜಯನಗರದ ತಂಗಿ

ಜೋರಾಗಿ ಗೊರಕೆ ಹೊಡೆಯುತ್ತಾನೆ! ಥೈರಾಯ್ಡ್ ನೋಡಿಸಿ ಎಷ್ಟೋ ವರ್ಷ ಆಯಿತು. ಗುಂಡಿ ಹಾಕುತ್ತಾ ನಿಂತುಬಿಡುವುದು ಕೂಡ ಫಿಟ್ಸ್ ಆಗಿರಬಹುದಾ? ಎಲ್ಲಿಗೆ ಕರೆದುಕೊಂಡು ಹೋಗಲಿ?

ವಿಜಯನಗರದಿಂದ

ಆಗಿರಬಹುದು, ಅದನ್ನು ವಿಡಿಯೋ ಮಾಡಿಟ್ಟುಕೊಳ್ಳಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರರೋಗ ವಿಭಾಗಕ್ಕೆ ತೋರಿಸಿ. ಇವತ್ತು ಯಾವ ವಾರ, ನೂರರಲ್ಲಿ ಏಳು ಕಳೆ ಅನ್ನುವ ಪರೀಕ್ಷೆ ಇವನಿಗೆ ಹೊಂದಲ್ಲ, ಮನೆಯವರನ್ನು ಕೇಳಿ ತುಂಬುವ ಪ್ರಶ್ನಾವಳಿಗಳೇ ಬೇರೆ ಇವೆ, ಅದನ್ನು ಕೇಳಿ. ಅವನು ಮೊದಲು ಏನೇನು ಮಾಡುತ್ತಿದ್ದ, ಯಾವುದು ಯಾವಾಗ ನಿಂತಿತು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಅಮ್ಮನ ಫೋನಿನಲ್ಲಿ ಹಳೆಯ ವಿಡಿಯೋ ಇದ್ದರೆ ಅದನ್ನೂ ತೋರಿಸಿ, "ಹೀಗೇ ಇರ್ತಾರೆ" ಅನ್ನುವವರಿಗೆ ಅದೇ ಉತ್ತರ.

ಇಇಜಿ ಲ್ಯಾಬ್

ಪ್ರಿಂಟ್ ಮಾಡಿದ ರಿಪೋರ್ಟ್ ಒಂದೇ ಸಾಲದು, ರೆಕಾರ್ಡಿಂಗ್ ಫೈಲನ್ನೇ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಮುಂದಿನ ಸಲ ಹೋಲಿಸುವುದಕ್ಕೆ ಅದು ಬೇಕು. ಮನೆಯಲ್ಲಿ ಮೂವತ್ತರ ಆಸುಪಾಸಿನ ಡೌನ್ ಸಿಂಡ್ರೋಮ್ ಮಕ್ಕಳಿರುವವರು, ಚೆನ್ನಾಗಿರುವಾಗಲೇ ಒಂದು ಇಇಜಿ ತೆಗೆಸಿಡುವ ಬಗ್ಗೆ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ.